ಪ್ರೊಪೆಲರ್ ಅದುರಿದ ಕೂಡಲೇ ವಾಷರ್ ಹಾಕಬೇಡಿ: ಲಕ್ಷಣ ನೋಡಿ ದೋಷ ಹುಡುಕುವ ಕ್ರಮ

ಸಣ್ಣ ವಿಮಾನ ಅದುರುತ್ತಿದೆ ಅಂತ ಪೈಲಟ್ ಬರೆದುಕೊಟ್ಟರೆ ಸಾಕು, "ಡೈನಾಮಿಕ್ ಬ್ಯಾಲೆನ್ಸ್ ಮಾಡಿಸಿಬಿಡೋಣ" ಅನ್ನುವ ಮಾತು ಬರುತ್ತದೆ. ಅಂದರೆ ಇಂಜಿನ್ ಓಡಿಸಿ ನಡುಕ ಅಳೆದು, ವಾಷರ್‌ಗಳನ್ನು ತೂಕವಾಗಿ ಕಟ್ಟಿ ಪ್ರೊಪೆಲರ್ ಸಮ ಮಾಡುವುದು. ಬ್ಯಾಲೆನ್ಸಿಂಗ್ ಒಳ್ಳೆಯ ಕೆಲಸವೇ. ಆದರೆ ಅದು ಸರಿಮಾಡುವುದು ಒಂದೇ ದೋಷವನ್ನು: ತಿರುಗುವ ಭಾಗದ ತೂಕ ಒಂದು ಪಕ್ಕಕ್ಕೆ ಜಾಸ್ತಿ ಇರುವುದು. ಬ್ಲೇಡ್ ಬಾಗಿದ್ದರೆ, ಬೋಲ್ಟ್ ಸಡಿಲವಾಗಿದ್ದರೆ, ಒಂದು ಸಿಲಿಂಡರ್ ಸರಿಯಾಗಿ ಉರಿಯದಿದ್ದರೆ ವಾಷರ್ ಹಾಕಿ ಏನೂ ಪ್ರಯೋಜನವಿಲ್ಲ. ಇನ್ನೂ ಕೆಟ್ಟದ್ದೇನೆಂದರೆ, ಕೆಲವು ಸಲ ನಡುಕ ಅಳೆಯುವ ಮೆಷಿನ್‌ನಲ್ಲಿ ನಂಬರ್ ಇಳಿಯುತ್ತದೆ, ದೋಷ ಮಾತ್ರ ಒಳಗೇ ಉಳಿಯುತ್ತದೆ.

ಹೊಸೂರು, ತಳಿ, ಡೆಂಕಣಿಕೋಟೆ ಕಡೆ ಮನೆಯಲ್ಲಿ ಕನ್ನಡ ಮಾತಾಡುವ ಹುಡುಗ ಹುಡುಗಿಯರು ವಿಮಾನ ರಿಪೇರಿ ಕಲಿಯಲು ಬಂದಾಗ ಕೈಪಿಡಿ ಎಲ್ಲಾ ಇಂಗ್ಲಿಷಿನಲ್ಲೇ ಸಿಗುತ್ತದೆ. ಬೆಳಗೊಂಡಪಳ್ಳಿ ಏರ್‌ಸ್ಟ್ರಿಪ್ ನಮ್ಮ ಪಕ್ಕದಲ್ಲೇ ಇದೆ. ಅದರ ಕೆಲಸದ ಮಾತು ಕನ್ನಡದಲ್ಲೂ ಇರಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಸೆಸ್ನಾ 152, 172 ತರಹದ ಲೈಕಮಿಂಗ್ ಇಂಜಿನ್ ವಿಮಾನಕ್ಕೂ ರೋಟ್ಯಾಕ್ಸ್ ಇಂಜಿನ್ ಇರುವ ಮೈಕ್ರೊಲೈಟ್‌ಗೂ ಇದು ಹೊಂದುತ್ತದೆ. ನಿಮ್ಮ ವಿಮಾನದ, ಪ್ರೊಪೆಲರ್‌ನ ಕೈಪಿಡಿ ಬೇರೆ ಹೇಳಿದರೆ ಕೈಪಿಡಿಯ ಮಾತೇ ನಡೆಯಬೇಕು.

ಒಂದು ಲೆಕ್ಕ ತಲೆಯಲ್ಲಿರಲಿ. ಬ್ಲೇಡಿನ ತುದಿಯ ಹತ್ತಿರ, ನಡುವಿನಿಂದ 90 ಸೆಂಟಿಮೀಟರ್ ದೂರದಲ್ಲಿ 10 ಗ್ರಾಂ ಕೆಸರು ಅಂಟಿದೆ ಅಂದುಕೊಳ್ಳಿ. 2400 ಆರ್‌ಪಿಎಂನಲ್ಲಿ ಅದು ಹೊರಕ್ಕೆ ಎಳೆಯುವ ಬಲ ಸುಮಾರು 58 ಕಿಲೋ ತೂಕಕ್ಕೆ ಸಮ. ಆ ಎಳೆತ ಸೆಕೆಂಡಿಗೆ 40 ಸುತ್ತು ಸುತ್ತುತ್ತದೆ. ಅದೇ 10 ಗ್ರಾಂ ಸ್ಪಿನ್ನರ್ (ಪ್ರೊಪೆಲರ್ ನಡುವಿನ ಮೊನಚು ಮುಚ್ಚಳ) ಹಿಂದಿನ ಪ್ಲೇಟಿನಲ್ಲಿ, ನಡುವಿನಿಂದ 10 ಸೆಂಟಿಮೀಟರ್ ದೂರದಲ್ಲಿದ್ದರೆ ಎಳೆತ ಆರೂವರೆ ಕಿಲೋ ಮಾತ್ರ. ಬ್ಲೇಡ್ ಒರೆಸುವ ಕೆಲಸವನ್ನು ಮೊದಲು ಹೇಳುವುದು ಇದಕ್ಕೇ.

ಕೈ ಹಾಕುವ ಮುಂಚೆ

ನಿಂತಿರುವ ಪ್ರೊಪೆಲರ್ ಅಂದರೆ ಅಪಾಯವಿಲ್ಲದ ಕಬ್ಬಿಣ ಅಲ್ಲ. ಪ್ಲಗ್‌ಗೆ ಕಿಡಿ ಕೊಡುವ ಮ್ಯಾಗ್ನೆಟೊದಿಂದ ಸ್ವಿಚ್‌ಗೆ ಬರುವ ಪಿ-ಲೀಡ್ ವೈರ್ ತುಂಡಾಗಿದ್ದರೆ ಕೀ ಆಫ್ ಇದ್ದರೂ ಮ್ಯಾಗ್ನೆಟೊ ಬದುಕಿಯೇ ಇರುತ್ತದೆ. ಸಿಲಿಂಡರ್‌ನಲ್ಲಿ ಸ್ವಲ್ಪ ಪೆಟ್ರೋಲ್ ಆವಿ ಉಳಿದಿದ್ದರೆ, ಕೈಯಲ್ಲಿ ಬ್ಲೇಡ್ ತಿರುಗಿಸಿದಾಗ ಇಂಜಿನ್ ಒಂದು ಸಲ ಹೊಡೆದುಕೊಳ್ಳಬಹುದು. ಆ ಒಂದು ಹೊಡೆತಕ್ಕೆ ಕೈ ಹೋಗುತ್ತದೆ, ತಲೆಯೂ ಹೋಗುತ್ತದೆ. ಹಾಗಾಗಿ ಕೀ ತೆಗೆದು ಜೇಬಿನಲ್ಲಿಡಿ. ಮಿಕ್ಸ್ಚರ್ (ಪೆಟ್ರೋಲ್ ಹರಿವಿನ ಹಿಡಿ) ಪೂರ್ತಿ ಹಿಂದೆ, ಥ್ರಾಟಲ್ ಮುಚ್ಚಿ, ಚಕ್ರಕ್ಕೆ ಅಡ್ಡಗಟ್ಟೆ ಕೊಡಿ. ಆಮೇಲೂ ಪ್ರತಿ ಸಲ "ಈಗ ಹೊಡೆಯಬಹುದು" ಅಂದುಕೊಂಡೇ ಬ್ಲೇಡ್ ಮುಟ್ಟಿ. ಅದರ ಸುತ್ತಿನೊಳಗೆ ತಲೆ, ಕಾಲು ಇಡಬೇಡಿ.

ಇಂಜಿನ್ ಓಡಿಸಿ ಅಳೆಯುವಾಗ ಒಳಗೆ ಬ್ರೇಕ್ ಮೇಲೆ ಕಾಲಿಟ್ಟ ಒಬ್ಬರು ಬೇಕೇ ಬೇಕು. ಬಾಲವನ್ನು ಹಗ್ಗದಿಂದ ಕಟ್ಟಿರಬೇಕು. ಬೆಂಕಿ ಆರಿಸುವ ಸಿಲಿಂಡರ್ ಹತ್ತಿರ ಇರಲಿ. ಪ್ರೊಪೆಲರ್ ತಿರುಗುವ ನೇರಕ್ಕೆ, ಎಡಕ್ಕಾಗಲಿ ಬಲಕ್ಕಾಗಲಿ, ಯಾರೂ ನಿಲ್ಲಬಾರದು. ಲ್ಯಾನ್ಯಾರ್ಡ್, ದುಪಟ್ಟಾ, ಟೋಪಿ ಎಲ್ಲಾ ತೆಗೆದಿಡಿ.

"ನಿನ್ನೆ ಚೆನ್ನಾಗಿತ್ತು, ಇವತ್ತು ಅದುರುತ್ತಿದೆ"

ಎಲ್ಲದರಲ್ಲೂ ಗಂಭೀರವಾದ ಲಕ್ಷಣ ಇದು. ಬ್ಯಾಲೆನ್ಸ್ ತಾನಾಗೇ ಒಂದು ರಾತ್ರಿಯಲ್ಲಿ ಕೆಡುವುದಿಲ್ಲ. ಏನೋ ಸೇರಿದೆ, ಏನೋ ಬಿದ್ದುಹೋಗಿದೆ, ಇಲ್ಲವೇ ಏನೋ ಮುರಿಯುತ್ತಿದೆ.

ಮೊದಲು ಒದ್ದೆ ಬಟ್ಟೆ ತಗೊಂಡು ಬ್ಲೇಡಿನ ಎರಡೂ ಮುಖ ಒರೆಸಿ. ಮಳೆಗಾಲದಲ್ಲಿ ನಮ್ಮ ಕೆಂಪು ಮಣ್ಣು ಬ್ಲೇಡಿನ ಹಿಂಬದಿಗೆ ಅಂಟಿ ಒಣಗಿಬಿಡುತ್ತದೆ, ಮುಂದೆ ನಿಂತು ನೋಡಿದರೆ ಕಾಣುವುದಿಲ್ಲ. ವಿಮಾನ ಕೆಲವು ವಾರ ನಿಂತೇ ಇತ್ತು ಅಂದರೆ ಸ್ಪಿನ್ನರ್ ಒಳಗೆ ಕಣಜ ಮಣ್ಣಿನ ಗೂಡು ಕಟ್ಟಿದೆಯಾ ನೋಡಿ. ಸ್ಪಿನ್ನರ್‌ನ ಸ್ಕ್ರೂ ಎಲ್ಲಾ ಇವೆಯಾ ಎಣಿಸಿ. ಹಿಂದೆ ಬ್ಯಾಲೆನ್ಸ್ ಮಾಡಿದ್ದರೆ ಯಾವ ತೂತಿನಲ್ಲಿ ಎಷ್ಟು ವಾಷರ್ ಇತ್ತು ಅಂತ ಲಾಗ್‌ಬುಕ್‌ನಲ್ಲಿರುತ್ತದೆ. ಅವು ಅಲ್ಲೇ ಇವೆಯಾ ಹೋಲಿಸಿ.

ಆಮೇಲೆ ಬ್ಲೇಡಿನ ಮುಂದಿನ ಅಂಚಿನ ಮೇಲೆ, ಬುಡದಿಂದ ತುದಿಯವರೆಗೆ ಬೆರಳಿನ ಉಗುರು ಎಳೆಯಿರಿ. ಅವಸರ ಬೇಡ. ವಿಮಾನ ನಿಲ್ಲಿಸುವ ಏಪ್ರನ್ ಮೇಲಿನ ಸಣ್ಣ ಬೆಣಚುಕಲ್ಲು ಹಾರಿ ಹೊಡೆದ ಕಡೆ ಉಗುರು ತಟ್ಟನೆ ನಿಲ್ಲುತ್ತದೆ. ಕಣ್ಣಿಗೆ ಚುಕ್ಕಿಯಷ್ಟೇ ಕಂಡರೂ, ಚೂಪಾದ ತಳ ಇರುವ ಗಾಯದಲ್ಲಿ ಒತ್ತಡವೆಲ್ಲ ಒಂದೇ ಕಡೆ ಸೇರುತ್ತದೆ. ಅಲ್ಯುಮಿನಿಯಂ ಬ್ಲೇಡಿನಲ್ಲಿ ಬಿರುಕು ಹುಟ್ಟುವುದು ಅಲ್ಲಿಂದಲೇ. ಅದನ್ನು ಕೈಪಿಡಿಯ ಅಳತೆಯೊಳಗೆ ನಯವಾಗಿ ಅರದಿಂದ ತಿದ್ದಬೇಕು. ಆ ಕೆಲಸ ಲೈಸೆನ್ಸ್ ಇರುವ ಎಎಂಇಯದು, ಅಂದರೆ ವಿಮಾನ ನಿರ್ವಹಣಾ ಇಂಜಿನಿಯರದು. ಸುಮ್ನೆ ಅರ ತಗೊಂಡು ಉಜ್ಜಬೇಡಿ.

ನಿಲ್ಲಿಸಬೇಕಾದ ಜಾಗ ಇದು: ಅಡ್ಡಡ್ಡ ಕೂದಲೆಳೆಯಂಥ ಗೆರೆ ಕಂಡರೆ, ಬ್ಲೇಡ್ ಬಾಗಿದ ಹಾಗೆ ಅನ್ನಿಸಿದರೆ, ಹಬ್‌ನಿಂದ ಗ್ರೀಸ್ ಅಥವಾ ಆಯಿಲ್ ಬ್ಲೇಡ್ ಮೇಲೆ ಹೊಸದಾಗಿ ಹರಿದಿದ್ದರೆ, ಇಂಜಿನ್ ಮತ್ತೆ ಸ್ಟಾರ್ಟ್ ಮಾಡಬೇಡಿ. ಪ್ರೊಪೆಲರ್ ಏನಕ್ಕಾದರೂ ತಗುಲಿದ್ದು ಗೊತ್ತಾದರೂ ಅಷ್ಟೇ. ವಿಮಾನ ಎಳೆಯುವ ಟೋ ಬಾರ್ ತೆಗೆಯಲು ಮರೆತು ಸ್ಟಾರ್ಟ್ ಮಾಡಿದ್ದರೂ ಅದು ಪ್ರೊಪೆಲರ್ ಸ್ಟ್ರೈಕ್ ಲೆಕ್ಕಕ್ಕೇ ಬರುತ್ತದೆ. ಬ್ಲೇಡ್ ನೋಡಲು ಚೆನ್ನಾಗಿದ್ದರೂ ಹೊಡೆತ ಕ್ರ್ಯಾಂಕ್‌ಶಾಫ್ಟ್ ಒಳಗೆ ಹೋಗಿರುತ್ತದೆ. ಲೈಕಮಿಂಗ್‌ನಲ್ಲಿ ಕ್ರ್ಯಾಂಕ್‌ನ ಹಿಂದಿನ ಗೇರ್ ಮತ್ತು ಅದರ ಬೋಲ್ಟ್ ಬಿಚ್ಚಿ ನೋಡುವುದು ಕಡ್ಡಾಯ. ಇದಕ್ಕೆ ಬ್ಯಾಲೆನ್ಸಿಂಗ್ ಮದ್ದೇ ಅಲ್ಲ.

ಹಾರುತ್ತಿರುವಾಗ ದಿಢೀರ್ ಅಂತ ಜೋರಾಗಿ ಅದುರಿದರೆ

ಪವರ್ ಇಳಿಸಿ, ವೇಗ ಇಳಿಸಿ, ಅದುರುವಿಕೆ ಅತಿ ಕಡಿಮೆ ಇರುವ ಆರ್‌ಪಿಎಂ ಹುಡುಕಿ, ಹತ್ತಿರದ ಜಾಗದಲ್ಲಿ ಇಳಿಯಿರಿ. ಕಾರ್ಬ್ಯುರೇಟರ್ ಇಂಜಿನ್ ಆದರೆ ಅದಕ್ಕೆ ಬಿಸಿ ಗಾಳಿ ಕೊಡುವ ಕಾರ್ಬ್ ಹೀಟ್ ಪೂರ್ತಿ ಎಳೆಯಿರಿ. ಮಂಜುಗಡ್ಡೆ ಕಟ್ಟಿದ್ದರೆ ಸ್ವಲ್ಪ ಹೊತ್ತು ಇನ್ನೂ ಒರಟಾಗಿ ಓಡಿ ಆಮೇಲೆ ಸರಿಯಾಗುತ್ತದೆ. ಅದಕ್ಕೂ ಬಗ್ಗದೆ ಇಡೀ ವಿಮಾನ ಅಲುಗಾಡುತ್ತಿದ್ದರೆ ಬ್ಲೇಡಿನ ತುದಿ ಹೋಗಿರಬಹುದು. ಆ ಸ್ಥಿತಿಯಲ್ಲಿ ಇಂಜಿನ್ ತನ್ನ ಮೌಂಟನ್ನೇ ಕಿತ್ತುಕೊಂಡು ಹೋಗಬಲ್ಲದು. ಕೈಪಿಡಿಯ ಪ್ರಕಾರ ಇಂಜಿನ್ ಆಫ್ ಮಾಡಿ ಗ್ಲೈಡ್‌ನಲ್ಲಿ ಇಳಿಯುವುದೇ ದಾರಿ. ಊರಿನ ಏರ್‌ಸ್ಟ್ರಿಪ್‌ವರೆಗೆ ಹೇಗಾದರೂ ತಲುಪೋಣ ಅನ್ನುವ ಆಸೆ ಬೇಡ.

"ನೆಲ ಬಿಟ್ಟ ಕೂಡಲೇ ನಡುಗುತ್ತದೆ, ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ"

ಪ್ರೊಪೆಲರ್ ಅಲ್ಲ, ಚಕ್ರ. ನೆಲ ಬಿಟ್ಟ ಮೇಲೂ ಚಕ್ರ ತಿರುಗುತ್ತಿರುತ್ತದೆ, ಟೈರ್ ಸಮ ಇಲ್ಲದಿದ್ದರೆ ನಡುಕ ಬರುತ್ತದೆ. ಮೇಲೇರುವಾಗ ಬ್ರೇಕ್ ಒಂದು ಸಲ ಮೆಲ್ಲಗೆ ಒತ್ತಿ. ನಿಂತರೆ ಹಿಂದಿನ ಚಕ್ರದ್ದು. ನಿಲ್ಲದೆ ತಾನಾಗೇ ಕಡಿಮೆಯಾದರೆ ಮೂಗಿನ ಚಕ್ರದ್ದು, ಅದಕ್ಕೆ ಬ್ರೇಕ್ ಇಲ್ಲ.

"ಐಡಲ್‌ನಲ್ಲಿ ಜಾಸ್ತಿ, ಆರ್‌ಪಿಎಂ ಏರಿಸಿದರೆ ಕಡಿಮೆ"

ತೂಕದ ದೋಷಕ್ಕೆ ಒಂದು ಸ್ವಭಾವ ಇದೆ: ಆರ್‌ಪಿಎಂ ಏರಿದಂತೆ ಅದೂ ಏರುತ್ತದೆ. ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟು. ತಿರುಗುಮುರುಗಾಗಿ ಐಡಲ್‌ನಲ್ಲೇ ಜಾಸ್ತಿ ಅದುರುತ್ತಿದ್ದರೆ ಇಂಜಿನ್ ಕಡೆ ನೋಡಿ.

ಮ್ಯಾಗ್ನೆಟೊಗಳನ್ನು ಒಂದೊಂದಾಗಿ ಚೆಕ್ ಮಾಡಿ. ಒಂದು ಮ್ಯಾಗ್ನೆಟೊದಲ್ಲಿ ಮಾತ್ರ ಗಡಗಡ ಅಂದರೆ ಪ್ಲಗ್‌ನಲ್ಲಿ ಸೀಸ ಕಟ್ಟಿರುವುದು ಸಾಮಾನ್ಯ. ಯಾವ ಸಿಲಿಂಡರ್ ಅಂತ ಗೊತ್ತಾಗಬೇಕಾದರೆ ಆ ಮ್ಯಾಗ್ನೆಟೊದ ಮೇಲೇ ಸ್ವಲ್ಪ ಹೊತ್ತು ಓಡಿಸಿ, ಆಫ್ ಮಾಡಿ, ಪ್ರೊಪೆಲರ್ ಪೂರ್ತಿ ನಿಂತು ಕೀ ಕೈಗೆ ಬಂದ ಮೇಲೆ ಇನ್‌ಫ್ರಾರೆಡ್ ಥರ್ಮಾಮೀಟರ್‌ನಿಂದ ನಾಲ್ಕೂ ಎಕ್ಸಾಸ್ಟ್ ಪೈಪಿನ ಬಿಸಿ ನೋಡಿ. ತಣ್ಣಗಿರುವುದೇ ಕಳ್ಳ. ಬ್ಯಾಲೆನ್ಸಿಂಗ್‌ಗೆ ಕೊಡುವ ಹಣದ ಮುಂದೆ ಒಂದು ಪ್ಲಗ್ ತೊಳೆಯುವುದು ಖರ್ಚೇ ಅಲ್ಲ, ಅಲ್ವಾ?

ರೋಟ್ಯಾಕ್ಸ್ 912 ಆದರೆ ಎರಡು ಕಾರ್ಬ್ಯುರೇಟರ್‌ಗಳ ಹೊಂದಾಣಿಕೆ ತಪ್ಪಿರಬಹುದು. ಎಡದ ಸಿಲಿಂಡರ್‌ಗಳು ಒಂದು ರೀತಿ, ಬಲದವು ಇನ್ನೊಂದು ರೀತಿ ಎಳೆದಾಡಿ ಗೇರ್‌ಬಾಕ್ಸ್ ಕಟಕಟ ಅನ್ನುತ್ತದೆ. ಮೊದಲು ಕೇಬಲ್ ನೋಡಿ, ಗೇಜ್ ಹಾಕಿ ಸಮ ಮಾಡಿಸಿ.

"ಒಂದು ಆರ್‌ಪಿಎಂನಲ್ಲಿ ಮಾತ್ರ ಬರುತ್ತದೆ"

ಆ ವೇಗದಲ್ಲಿ ಯಾವುದೋ ಭಾಗ ತಾಳಕ್ಕೆ ಸಿಕ್ಕಿಕೊಳ್ಳುತ್ತಿದೆ. ಎಕ್ಸಾಸ್ಟ್ ಪೈಪ್ ಕೌಲಿಂಗ್‌ಗೆ (ಇಂಜಿನ್ ಮುಚ್ಚುವ ಹೊದಿಕೆ) ತಾಗಿ ಉಜ್ಜಿದ ಗುರುತು ಇದೆಯಾ, ಇಂಜಿನ್ ಮೌಂಟಿನ ರಬ್ಬರ್ ಕುಸಿದಿದೆಯಾ ನೋಡಿ. ರಬ್ಬರ್ ಕುಸಿದಿದ್ದರೆ ಸ್ಪಿನ್ನರ್‌ಗೂ ಕೌಲಿಂಗ್‌ಗೂ ನಡುವಿನ ಸಂದು ಮೇಲ್ಗಡೆ ಅಗಲ, ಕೆಳಗಡೆ ಕಿರಿದು ಕಾಣುತ್ತದೆ. ಕೆಲವು ಇಂಜಿನ್-ಪ್ರೊಪೆಲರ್ ಜೋಡಿಗಳಿಗೆ "ಇಷ್ಟರಿಂದ ಇಷ್ಟು ಆರ್‌ಪಿಎಂ ನಡುವೆ ನಿರಂತರ ಓಡಿಸಬೇಡಿ" ಅನ್ನುವ ಮಿತಿ ಇರುತ್ತದೆ. ಬ್ಲೇಡಿನ ಒಳಗಿನ ದಣಿವಿಗೆ ಹಾಕಿದ ಮಿತಿ ಅದು. ಕಾಲಿಗೆ ಅದುರು ತಿಳಿಯದಿದ್ದರೂ, ಬ್ಯಾಲೆನ್ಸ್ ಮಾಡಿಸಿದ್ದರೂ ಅದನ್ನು ಮೀರಬಾರದು.

"ತಿಂಗಳಿಂದ ತಿಂಗಳಿಗೆ ಸ್ವಲ್ಪ ಸ್ವಲ್ಪ ಜಾಸ್ತಿಯಾಗುತ್ತಿದೆ"

ಮರದ ಪ್ರೊಪೆಲರ್ ಆದರೆ ಮೊದಲ ಅನುಮಾನ ಬೋಲ್ಟ್ ಮೇಲೆ. ಮಳೆಗಾಲದಲ್ಲಿ ಮರ ಹಿಗ್ಗುತ್ತದೆ, ಮಾರ್ಚ್ ಬಿಸಿಲಿಗೆ ಕುಗ್ಗುತ್ತದೆ. ಕುಗ್ಗಿದಾಗ ಬೋಲ್ಟಿನ ಬಿಗಿ ಹೋಗುತ್ತದೆ. ಋತು ಬದಲಾದಾಗಲೆಲ್ಲ ಟಾರ್ಕ್ (ಬೋಲ್ಟ್ ಬಿಗಿಯುವ ಬಲ) ನೋಡಬೇಕು. ಟಾರ್ಕ್ ಜಾಸ್ತಿ ಕೊಟ್ಟರೂ ಮರ ನಜ್ಜುಗುಜ್ಜಾಗುತ್ತದೆ, ಹಾಗಾಗಿ ಅಂದಾಜು ಬೇಡ. ನಿಲ್ಲಿಸುವಾಗ ಮರದ ಬ್ಲೇಡನ್ನು ಅಡ್ಡಲಾಗಿ ಬಿಡಿ. ನೆಟ್ಟಗೆ ಬಿಟ್ಟರೆ ತೇವ ಕೆಳಗಿನ ಬ್ಲೇಡಿಗೆ ಇಳಿದು ಅದೇ ಭಾರವಾಗುತ್ತದೆ.

ಲೋಹದ್ದಾದರೆ ಸ್ಪಿನ್ನರ್ ತೆಗೆದು ಅದರ ಹಿಂದಿನ ಪ್ಲೇಟಿನಲ್ಲಿ ಸ್ಕ್ರೂ ತೂತುಗಳ ಸುತ್ತ ಬಿರುಕು ಹುಡುಕಿ. ಬಿರುಕು ಬಿಟ್ಟ ಪ್ಲೇಟಿಗೆ ತೂಕ ಕಟ್ಟುವುದು ಅಪಾಯ, ಅದೇ ಕಿತ್ತುಕೊಂಡು ಬರುತ್ತದೆ.

ಜೊತೆಗೆ ಟ್ರ್ಯಾಕ್ ನೋಡಿ, ಅಂದರೆ ಎರಡೂ ಬ್ಲೇಡಿನ ತುದಿ ಒಂದೇ ಜಾಡಿನಲ್ಲಿ ತಿರುಗುತ್ತದೆಯಾ ಅಂತ. ಖರ್ಚಿಲ್ಲದ ಪರೀಕ್ಷೆ. ಪ್ರತಿ ಸಿಲಿಂಡರ್‌ನಿಂದ ಒಂದೊಂದು ಪ್ಲಗ್ ಬಿಚ್ಚಿದರೆ ಪ್ರೊಪೆಲರ್ ಹಗುರವಾಗಿ ತಿರುಗುತ್ತದೆ. ಒಂದು ಬ್ಲೇಡ್ ಕೆಳಗೆ ಬರುವ ಹಾಗೆ ನಿಲ್ಲಿಸಿ, ಅದರ ತುದಿಗೆ ತಾಗಿಯೂ ತಾಗದ ಹಾಗೆ ಭಾರವಾದ ಮರದ ಪೆಟ್ಟಿಗೆ ಇಟ್ಟು ಪೆನ್ಸಿಲ್ ಗೆರೆ ಹಾಕಿ. ಪೆಟ್ಟಿಗೆ ಅಲುಗಾಡದ ಹಾಗೆ ಇನ್ನೊಂದು ಬ್ಲೇಡನ್ನು ಅಲ್ಲಿಗೆ ತನ್ನಿ. ಸಣ್ಣ ವಿಮಾನದ 6 ಅಡಿವರೆಗಿನ ಲೋಹದ ಪ್ರೊಪೆಲರ್‌ಗೆ ಎರಡರ ನಡುವಿನ ವ್ಯತ್ಯಾಸ 1/16 ಇಂಚು, ಅಂದರೆ ಸುಮಾರು 1.6 ಮಿಲಿಮೀಟರ್ ದಾಟಬಾರದು. ಮರದ್ದಕ್ಕೆ 1/8 ಇಂಚು. ದಾಟಿದ್ದರೆ ಬ್ಲೇಡ್ ಬಾಗಿದೆ, ಇಲ್ಲವೇ ಪ್ರೊಪೆಲರ್ ಕೂರುವ ಕ್ರ್ಯಾಂಕ್‌ನ ಫ್ಲೇಂಜ್ ಮೇಲೆ ಸರಿಯಾಗಿ ಕೂತಿಲ್ಲ. ಇಲ್ಲಿಗೆ ನಿಲ್ಲಿಸಿ, ಪ್ರೊಪೆಲರ್ ವರ್ಕ್‌ಶಾಪ್‌ಗೆ ಹೋಗಬೇಕು.

"ಎಲ್ಲಾ ಸರಿ ಇದೆ, ಆರ್‌ಪಿಎಂ ಏರಿದ ಹಾಗೆ ಪೆಡಲ್ ಜುಮ್ಮೆನ್ನುತ್ತದೆ"

ಈಗ ಬ್ಯಾಲೆನ್ಸಿಂಗ್‌ನ ಸರದಿ. ಒಂದು ಗಂಟೆ ಹಾರಿದರೆ ಕಾಲು ಮರಗಟ್ಟುವುದು, ಸ್ಪಿನ್ನರ್ ಸ್ಕ್ರೂ ಪದೇ ಪದೇ ಸಡಿಲವಾಗುವುದು, ಬ್ಯಾಫಲ್ ತಗಡು ಮತ್ತು ಆಲ್ಟರ್ನೇಟರ್ ಬ್ರಾಕೆಟ್ ಸೀಳುವುದು, ಎಲ್ಲಾ ಇದರ ಸಂಗಾತಿಗಳು.

ಬೇಕಾದ್ದು ಎರಡು ಸೆನ್ಸರ್. ನಡುಕ ಅಳೆಯುವ ಆಕ್ಸಿಲರೋಮೀಟರನ್ನು ಇಂಜಿನ್‌ನ ಮುಂದಿನ ಭಾಗದಲ್ಲಿ, ಪ್ರೊಪೆಲರ್‌ಗೆ ಆದಷ್ಟು ಹತ್ತಿರ, ಶಾಫ್ಟಿಗೆ ನೇರ ಅಡ್ಡಲಾಗಿ ಬೋಲ್ಟ್ ಮಾಡುತ್ತಾರೆ. ಒಂದು ಬ್ಲೇಡಿನ ಹಿಂಬದಿಗೆ ಬೆಳಕು ಪ್ರತಿಫಲಿಸುವ ಟೇಪ್ ಅಂಟಿಸುತ್ತಾರೆ. ಅದು ದಾಟಿದಾಗಲೆಲ್ಲ ಬೆಳಕಿನ ಸೆನ್ಸರ್ ಎಣಿಸುತ್ತದೆ. ಒಂದರಿಂದ ನಡುಕ ಎಷ್ಟು ಅಂತ, ಎರಡೂ ಸೇರಿ ಯಾವ ಕೋನದಲ್ಲಿ ಅಂತ ತಿಳಿಯುತ್ತದೆ. ಡ್ಯಾಶ್‌ಬೋರ್ಡಿನ ಟ್ಯಾಕೊಮೀಟರ್ ಸುಳ್ಳು ಹೇಳುತ್ತಿದ್ದರೆ ಅದೂ ಇಲ್ಲೇ ಬಯಲಾಗುತ್ತದೆ.

ನಡುಕದ ಅಳತೆ ಸೆಕೆಂಡಿಗೆ ಇಷ್ಟು ಇಂಚು, ಐಪಿಎಸ್ ಅನ್ನುತ್ತಾರೆ. ಪ್ರೊಪೆಲರ್ ತಯಾರಿಸುವ ಹಾರ್ಟ್‌ಜೆಲ್ ಕಂಪನಿಯ ಕೈಪಿಡಿ ಪ್ರಕಾರ ಮೊದಲ ಓಟದಲ್ಲೇ 1.2 ದಾಟಿದರೆ ಪ್ರೊಪೆಲರ್ ಕಳಚಿ ಸ್ಟ್ಯಾಟಿಕ್ ಬ್ಯಾಲೆನ್ಸ್ (ಓಡಿಸದೆ ನಿಂತಲ್ಲೇ ತೂಕ ಸಮ ಮಾಡುವುದು) ಮಾಡಿಸಬೇಕು. ಕೊನೆಗೆ 0.2ಕ್ಕಿಂತ ಕೆಳಗೆ ಬರಬೇಕು. 0.07ರ ಆಸುಪಾಸು ಬಂದರೆ ಬಹಳ ಒಳ್ಳೆಯದು. ಅಲ್ಲಿಂದ ಮುಂದೆ 0.03ಕ್ಕೆ ಇಳಿಸಲು ಇಂಜಿನ್ ಬಿಸಿ ಮಾಡುತ್ತಾ ಕೂರುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ಈಗ ಲೆಕ್ಕ ಹೇಗೆ ನಡೆಯುತ್ತದೆ ನೋಡಿ. ಮೊದಲ ಓಟದಲ್ಲಿ 0.40 ಐಪಿಎಸ್, ಕೋನ 0 ಡಿಗ್ರಿ ಬಂತು ಅಂದುಕೊಳ್ಳಿ. ಒಂದು ತೂತಿಗೆ ಪರೀಕ್ಷೆಗೆ ಅಂತ 10 ಗ್ರಾಂ ಹಾಕಿದಿರಿ. ಎರಡನೇ ಓಟದಲ್ಲಿ 0.50 ಬಂತು, ಕೋನ 37 ಡಿಗ್ರಿಗೆ ತಿರುಗಿತು. ಕಲಿಯುವವರು ಇಲ್ಲಿ ಗಾಬರಿಯಾಗುತ್ತಾರೆ, ಜಾಸ್ತಿಯಾಯಿತಲ್ಲ ಅಂತ. ಗಾಬರಿ ಬೇಡ, ಬೇಕಾದ ಮಾಹಿತಿ ಪೂರ್ತಿ ಸಿಕ್ಕಿದೆ. ಕಾಗದದ ಮೇಲೆ 4 ಸೆಂಟಿಮೀಟರ್‌ನ ಬಾಣ ಅಡ್ಡಕ್ಕೆ, 5 ಸೆಂಟಿಮೀಟರ್‌ನದು 37 ಡಿಗ್ರಿಗೆ ಎಳೆಯಿರಿ. ಎರಡರ ತುದಿ ಸೇರಿಸಿದರೆ 3 ಸೆಂಟಿಮೀಟರ್ ನೆಟ್ಟಗೆ ನಿಲ್ಲುತ್ತದೆ. ಶಾಲೆಯ 3-4-5 ತ್ರಿಕೋನವೇ. ಅಂದರೆ ಆ 10 ಗ್ರಾಂ ಒಂದೇ ಮಾಡಿದ ಕೆಲಸ 0.30, ಅದೂ 90 ಡಿಗ್ರಿ ದಿಕ್ಕಿಗೆ. ನಮಗೆ ಬೇಕಾದ್ದು 0.40, 180 ಡಿಗ್ರಿ ದಿಕ್ಕಿಗೆ. ಹಾಗಾದರೆ ಪರೀಕ್ಷೆಯ ತೂಕ ತೆಗೆದು, ಅಲ್ಲಿಂದ 90 ಡಿಗ್ರಿ ಆಚೆ ಸುಮಾರು 13 ಗ್ರಾಂ. ಆಚೆ ಅಂದರೆ ಪ್ರೊಪೆಲರ್ ತಿರುಗುವ ಕಡೆಗೋ ಅದರ ಎದುರಿಗೋ ಅನ್ನುವುದು ನಿಮ್ಮ ಮೆಷಿನ್ ಕೋನ ಎಣಿಸುವ ರೀತಿಯ ಮೇಲೆ ನಿಂತಿದೆ. ಮೆಷಿನ್ ಈ ಲೆಕ್ಕ ತಾನೇ ಮಾಡುತ್ತದೆ. ಆದರೂ ಒಂದು ಸಲ ಕೈಯಲ್ಲಿ ಗೆರೆ ಎಳೆದು ನೋಡಿದವರು ಮೆಷಿನ್ ತಪ್ಪು ಹೇಳಿದಾಗ ಹಿಡಿಯುತ್ತಾರೆ.

ತೂಕವನ್ನು ಕೈಪಿಡಿ ಒಪ್ಪಿದ ಜಾಗಕ್ಕೆ, ವಿಮಾನಕ್ಕೆಂದೇ ಮಾಡಿದ ಬೋಲ್ಟ್, ವಾಷರ್, ಸೆಲ್ಫ್ ಲಾಕಿಂಗ್ ನಟ್‌ನಿಂದಲೇ ಕಟ್ಟಬೇಕು. ಬೈಕ್ ಅಂಗಡಿಯ ವಾಷರ್ ಇಲ್ಲಿ ನಡೆಯುವುದಿಲ್ಲ. ಹಾರ್ಟ್‌ಜೆಲ್ ಲೆಕ್ಕದಲ್ಲಿ ಒಂದು ಜಾಗಕ್ಕೆ ಗರಿಷ್ಠ 0.9 ಔನ್ಸ್, ಸುಮಾರು 25 ಗ್ರಾಂ. ಜಾಸ್ತಿ ಬೇಕಾದರೆ ಅಕ್ಕಪಕ್ಕದ ತೂತುಗಳಿಗೆ ಹಂಚಬೇಕು. ಫ್ಯಾಕ್ಟರಿಯಲ್ಲಿ ಹಾಕಿದ ಸ್ಟ್ಯಾಟಿಕ್ ತೂಕ ಮುಟ್ಟಬಾರದು.

"ಮೆಷಿನ್‌ನ ಓದು ಒಂದು ಕಡೆ ನಿಲ್ಲುತ್ತಿಲ್ಲ"

ತೂಕ ಮುಟ್ಟದೆಯೇ ಎರಡು ಸಲ ಓಡಿಸಿ. ನಂಬರ್, ಕೋನ ಎರಡೂ ಹತ್ತಿರ ಹತ್ತಿರ ಬರಬೇಕು. ಬರದಿದ್ದರೆ ಮುಂದುವರಿಯಬೇಡಿ.

ನಮ್ಮ ಕಡೆ ಮೊದಲ ಕಾರಣ ಗಾಳಿ. ಆಷಾಢದಲ್ಲಿ ಮಧ್ಯಾಹ್ನ ಹೊಸೂರಿನ ಬಯಲಲ್ಲಿ ಗಾಳಿ ಬೀಸುವುದು ನಿಮಗೆ ಗೊತ್ತೇ ಇದೆ. ಪಕ್ಕದಿಂದ ಬೀಸುವ ಗಾಳಿ ಪ್ರತಿ ಬ್ಲೇಡನ್ನೂ ಸುತ್ತಿಗೊಮ್ಮೆ ತಳ್ಳುತ್ತದೆ, ಮೆಷಿನ್ ಅದನ್ನೂ ತೂಕ ಅಂದುಕೊಳ್ಳುತ್ತದೆ. ಬೆಳಗ್ಗೆ ಬೇಗ, ಮೂಗು ಗಾಳಿಗೆ ಎದುರಾಗಿ ಇಟ್ಟು ಕೆಲಸ ಮುಗಿಸಿ. 10 ನಾಟ್ ದಾಟಿದರೆ ನಾನು ಕೆಲಸ ನಿಲ್ಲಿಸಲು ಹೇಳುತ್ತೇನೆ. ಬೆಳಗ್ಗೆಗೆ ಇನ್ನೊಂದು ಲಾಭ ಇದೆ: ಪಡುವಣ ಗಾಳಿಗೆ ಮೂಗು ಇಟ್ಟಾಗ ಸೂರ್ಯ ಬೆನ್ನಿಗಿರುತ್ತಾನೆ. ಸಂಜೆಯಾದರೆ ಬಿಸಿಲು ನೇರ ಬೆಳಕಿನ ಸೆನ್ಸರ್ ಕಣ್ಣಿಗೆ ಬಿದ್ದು ಎಣಿಕೆ ತಪ್ಪುತ್ತದೆ.

ಗಾಳಿ ಇಲ್ಲದಿದ್ದರೂ ಓದು ಕುಣಿಯುತ್ತಿದ್ದರೆ ಟೇಪ್‌ಗೆ ಎಣ್ಣೆ ಮೆತ್ತಿದೆಯಾ, ಸೆನ್ಸರ್ ಬೋಲ್ಟ್ ಬಿಗಿ ಇದೆಯಾ, ವೈರ್ ಅಲುಗಾಡುತ್ತಿದೆಯಾ ನೋಡಿ. ಎಲ್ಲಾ ಸರಿ ಇದ್ದರೆ ಸಡಿಲ ಇರುವುದು ವಿಮಾನದಲ್ಲೇ: ಮೌಂಟ್, ಸ್ಪಿನ್ನರ್, ಇಲ್ಲವೇ ಹಬ್ ಒಳಗಿನ ಬ್ಲೇಡ್ ಬೇರಿಂಗ್. ಪ್ರತಿ ಓಟದ ನಡುವೆ ಸಿಲಿಂಡರ್ ತಣ್ಣಗಾಗಲು ಬಿಡಿ. ಕೌಲಿಂಗ್ ತೆಗೆದಿದ್ದರೆ ನೆಲದ ಮೇಲೆ ಬೇಗ ಬಿಸಿಯೇರುತ್ತದೆ.

ಮೆಷಿನ್ ಸ್ಪೆಕ್ಟ್ರಮ್ (ಯಾವ ವೇಗದಲ್ಲಿ ನಡುಕ ಎಷ್ಟು ಅನ್ನುವ ಗೆರೆಚಿತ್ರ) ತೋರಿಸಿದರೆ ಅದನ್ನೂ ಓದಿ. ಪ್ರೊಪೆಲರ್ ವೇಗದಲ್ಲೇ ಶಿಖರ ಇದ್ದರೆ ತೂಕದ ಮಾತು. ಲೈಕಮಿಂಗ್‌ನಲ್ಲಿ ಅದರ ಅರ್ಧ ವೇಗದಲ್ಲಿ ಶಿಖರ ಎದ್ದರೆ ಒಂದು ಸಿಲಿಂಡರ್ ದುರ್ಬಲ, ಯಾಕೆಂದರೆ ಪ್ರತಿ ಸಿಲಿಂಡರ್ ಎರಡು ಸುತ್ತಿಗೊಮ್ಮೆ ಉರಿಯುತ್ತದೆ. ಎರಡು ಪಟ್ಟಿನಲ್ಲಿ ಕಾಣುವುದು ನಾಲ್ಕು ಸಿಲಿಂಡರ್‌ನ ಸಹಜ ಹೊಡೆತ, ಎರಡು ಬ್ಲೇಡಿನ ಗಾಳಿಯ ಹೊಡೆತವೂ ಅಲ್ಲೇ ಸೇರುತ್ತದೆ. ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನ ಹಂಸ-3 ವಿಮಾನದಲ್ಲಿರುವ ರೋಟ್ಯಾಕ್ಸ್ 914ಕ್ಕೆ ಗೇರ್ ಇದೆ, ಅನುಪಾತ 2.43. ಇಂಜಿನ್ 5000 ಓಡಿದರೆ ಪ್ರೊಪೆಲರ್ ಸುಮಾರು 2058. ಇಂಜಿನ್‌ನ ನಡುಕ, ಪ್ರೊಪೆಲರ್‌ನ ನಡುಕ ಬೇರೆ ಬೇರೆ ಜಾಗದಲ್ಲಿ ಕಾಣುವುದರಿಂದ ದೋಷ ಹುಡುಕುವುದು ಸಲೀಸು.

"ನೆಲದ ಮೇಲೆ ನಂಬರ್ ಚೆನ್ನಾಗಿದೆ, ಹಾರಿದರೆ ಅದೇ ಕಥೆ"

ಬ್ಲೇಡ್‌ಗಳ ಕೋನ ಒಂದಕ್ಕೊಂದು ಹೊಂದುತ್ತಿಲ್ಲ ಅನ್ನಿಸುತ್ತದೆ. ಒಂದು ಬ್ಲೇಡ್ ಗಾಳಿಯನ್ನು ಜಾಸ್ತಿ ಕಚ್ಚುತ್ತದೆ. ನೆಲದಲ್ಲೇ ಕೋನ ಹೊಂದಿಸುವ ಮೈಕ್ರೊಲೈಟ್ ಪ್ರೊಪೆಲರ್‌ಗಳಲ್ಲಿ ಇದು ಸಾಮಾನ್ಯ. ತಯಾರಕರು ಹೇಳಿದ ಜಾಗದಲ್ಲಿ ಪ್ರೊಟ್ರಾಕ್ಟರ್ ಇಟ್ಟು ಎಲ್ಲಾ ಬ್ಲೇಡ್ ಅಳೆಯಿರಿ. ಕೋನ ಬದಲಿಸಲಾಗದ ಸ್ಥಿರ ಪಿಚ್ ಲೋಹದ್ದಾದರೆ ವರ್ಕ್‌ಶಾಪ್‌ನ ಕೆಲಸ.

"ಬ್ಯಾಲೆನ್ಸ್ ಮಾಡಿ ಕೆಲವೇ ತಿಂಗಳು, ಮತ್ತೆ ಬಂತು"

ಲಾಗ್‌ಬುಕ್ ತೆರೆಯಿರಿ. ಹಿಂದಿನ ಸಲ ಯಾವ ತೂತಿಗೆ ಎಷ್ಟು ಗ್ರಾಂ, ಯಾವ ಆರ್‌ಪಿಎಂ, ಮೊದಲ ಮತ್ತು ಕೊನೆಯ ಐಪಿಎಸ್ ಎಷ್ಟು ಅಂತ ಬರೆದಿರಬೇಕು. ಹೊಸ ಓದಿಗೆ ಅದೇ ದಿಕ್ಕಿನಲ್ಲಿ ಒಂದೆರಡು ಗ್ರಾಂ ಬೇಕಾದರೆ ಬ್ಲೇಡ್ ಸವೆದಿದೆ, ತಿದ್ದಿದ ಅಂಚಿನಿಂದ ಲೋಹ ಹೋಗಿದೆ, ಅಷ್ಟೇ. ಅದು ಸಹಜ. ಮಧ್ಯೆ ಸ್ಪಿನ್ನರ್ ಬಿಚ್ಚಿ ಬೇರೆ ತೂತಿಗೆ ಹೊಂದಿಸಿ ಕೂರಿಸಿದ್ದರೂ ಬದಲಾಗುತ್ತದೆ. ಬಿಚ್ಚುವ ಮುಂಚೆ ಮಾರ್ಕರ್‌ನಿಂದ ಗುರುತು ಹಾಕುವ ಅಭ್ಯಾಸ ಇಟ್ಟುಕೊಳ್ಳಿ. ಪ್ರೊಪೆಲರ್ ಕಳಚಿ ಹಾಕಿದ್ದರೆ ಬ್ಯಾಲೆನ್ಸ್ ಹೊಸದಾಗಿ ಅಳೆಯಲೇಬೇಕು.

ಆದರೆ ಯಾರೂ ಏನೂ ಬಿಚ್ಚಿಲ್ಲ, ಮೆಷಿನ್ ಮಾತ್ರ ಪೂರ್ತಿ ಬೇರೆ ದಿಕ್ಕಿಗೆ ಹತ್ತಾರು ಗ್ರಾಂ ಕೇಳುತ್ತಿದೆ ಅಂದರೆ ತೂಕ ಕೊಡಬೇಡಿ. ವಿಮಾನವನ್ನು ಹ್ಯಾಂಗರ್‌ಗೆ ತಳ್ಳಿ, ಸ್ಪಿನ್ನರ್ ತೆಗೆದು, ಬೋಲ್ಟಿನ ಟಾರ್ಕ್, ಪ್ಲೇಟ್, ಬ್ಲೇಡಿನ ಬುಡ, ಮೌಂಟ್ ಈ ಕ್ರಮದಲ್ಲಿ ಮತ್ತೆ ಶುರು ಮಾಡಿ. ಕಾರಣ ಸಿಕ್ಕಿ, ಎಎಂಇ ಸಹಿ ಹಾಕುವವರೆಗೆ ಅದರ ಕೀ ಪೈಲಟ್ ಕೈಗೆ ಹೋಗಬಾರದು.